ನೂರತೊಂಬತ್ತು ಕುದುರೆಗಳನ್ನು ಬಿಟ್ಟುಕೊಟ್ಟವರು

ಹಳೆಯದನ್ನು ಕೊಟ್ಟು ಹೊಸದನ್ನು ಪಡೆಯುವುದು ಲೋಕರೂಢಿ. ಜರಿ ಸವೆದ ಸೀರೆಗಳ ಗಂಟನ್ನು ಬಾಗಿಲಿಗೆ ಬಂದ ಪಾತ್ರೆಯವಳ ಮುಂದೆ ಬಿಚ್ಚಿ, ಒಂದು ಗಂಟೆಯ ಕಾಲ ವಾದಿಸಿ, ಕಡೆಗೆ ಥಳಥಳಿಸುವ ಸ್ಟೀಲಿನ ಡಬರಿಯೊಂದನ್ನು ಗೆದ್ದು ಒಳಗೆ ಬರುವ ಗೃಹಿಣಿಯ ಮುಖವನ್ನು ಕಂಡವರಿಗೆ ವಿನಿಮಯದ ಆನಂದವೇನೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಥಳಥಳಿಸುವ ಡಬರಿಯನ್ನು ಕೊಟ್ಟು, ಸವೆದ ಸೀರೆಯನ್ನು ಎದೆಗವಚಿಕೊಂಡು ಬರುವವರನ್ನು ಯಾರಾದರೂ ಕಂಡಿದ್ದಾರೆಯೇ? ಕಂಡಿದ್ದರೆ, ಅವರ ತಲೆಯ ಸ್ಥಿತಿಯನ್ನು ಕುರಿತು ಒಂದು ಮಾತೂ ಆಡದೆ ಸುಮ್ಮನಿದ್ದಾರೆಯೇ?

ಬೆಂಗಳೂರಿನ ಬಸವನಗುಡಿಯ ಗೃಹಸ್ಥರೊಬ್ಬರ ವಿಚಾರದಲ್ಲಿ ನಡೆದದ್ದು ಇದೇ. ಅವರು ತಮ್ಮ ಹೊಸ ಕಾರನ್ನು ಕೊಟ್ಟು, ಅದಕ್ಕಿಂತ ಐವತ್ತು ವರ್ಷ ಹಿರಿಯದಾದ ಕಾರೊಂದನ್ನು ಮನೆಗೆ ತಂದರು. ಬೀದಿಯ ಜನ ಮೊದಲು ನಕ್ಕರು. ಆಮೇಲೆ ವ್ಯಾಪಾರದಲ್ಲಿ ನಷ್ಟವೇನಾದರೂ ಆಗಿರಬಹುದೆಂದು ಮರುಗಿದರು. ಕಡೆಗೆ, ಅವರಿಗೆ ವ್ಯಾಪಾರವೇ ಇಲ್ಲ, ತಿಂಗಳ ಸಂಬಳದವರೆಂಬುದು ನೆನಪಾಗಿ, ಏನು ತಿಳಿಯಬೇಕೆಂದು ತೋರದೆ ಸುಮ್ಮನಾದರು.

ಅವರು ಕೊಟ್ಟ ಕಾರು ಸಾಮಾನ್ಯವಾದದ್ದಲ್ಲ. 2017ರಲ್ಲಿ ಕೊಂಡ ಕೆಂಪು ಬಣ್ಣದ ಸ್ಕೋಡಾ ಆಕ್ಟೇವಿಯಾ ಆರ್. ಎಸ್. ಹೊರಗಿನಿಂದ ನೋಡಿದರೆ ಸಂಸಾರಸ್ಥರ ವಾಹನ. ಒಳಗೆ ಮಾತ್ರ 230 ಅಶ್ವಶಕ್ತಿಯ ಎಂಜಿನ್. ನಿಂತಲ್ಲಿಂದ ಹೊರಟು ಗಂಟೆಗೆ 100 ಕಿಲೋಮೀಟರಿನ ವೇಗವನ್ನು ಮುಟ್ಟುವುದಕ್ಕೆ ಅದಕ್ಕೆ 6.8 ಸೆಕೆಂಡು ಸಾಕೆಂದು ತಯಾರಕರ ಲೆಕ್ಕ. ಮನೆಯೊಡತಿ ಬಾಗಿಲಿಗೆ ಬೀಗ ಹಾಕಿ, ಸರಿಯಾಗಿ ಬಿದ್ದಿದೆಯೇ ಎಂದು ಒಮ್ಮೆ ಎಳೆದು ನೋಡುವಷ್ಟು ಹೊತ್ತು! ಈ 230 ಕುದುರೆಗಳು ದಿನವೂ ಮಾಡುತ್ತಿದ್ದ ಕೆಲಸವೇನೆಂದು ಕೇಳಬಾರದು. ಸೌತ್ ಎಂಡ್ ವೃತ್ತದಲ್ಲಿ ದೀಪ ಹಸುರಾಗುವುದನ್ನು ಕಾಯುವುದು. ಸಿಲ್ಕ್ ಬೋರ್ಡಿನ ಬಳಿ ಆಟೋರಿಕ್ಷಾದ ಬೆನ್ನು ಹಿಡಿದು ತೆವಳುವುದು. ರಸ್ತೆಯುಬ್ಬು ಎದುರಾದಾಗ ಹೊಸ ಸೊಸೆಯಂತೆ ಓರೆಯಾಗಿ, ಮೆಲ್ಲಗೆ ಹೆಜ್ಜೆಯಿಡುವುದು. ಆ ಕುದುರೆಗಳ ಪಾಡನ್ನು ನೆನೆದು ಗೃಹಸ್ಥರಿಗೆ ಆಗಾಗ ಮರುಕವುಂಟಾಗುತ್ತಿತ್ತು. ಒಂದು ದಿನವಾದರೂ ಅವುಗಳ ಲಗಾಮನ್ನು ಸಡಿಲಬಿಡಬೇಕೆಂಬುದು ಅವರ ಹಂಬಲ.

ಆ ದಿನವೂ ಬಂದಿತು. 2023ರ ಮಾರ್ಚಿ ತಿಂಗಳಿನಲ್ಲಿ ಬೆಂಗಳೂರು ಮೈಸೂರುಗಳ ನಡುವಣ ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಇವು ಯಾವುದರ ಪೇಟೆಯನ್ನೂ ಹೊಗದೆ, ಎಲ್ಲವನ್ನೂ ಪಕ್ಕಕ್ಕೆ ಸರಿಸಿ ಸಾಗುವ ರಸ್ತೆ. ಅದಾದ ಮೂರು ತಿಂಗಳಿಗೆ, ಮೈಸೂರಿನ ನಂಟರೊಬ್ಬರ ಮನೆಯ ಗೃಹಪ್ರವೇಶಕ್ಕೆಂದು ಗೃಹಸ್ಥರು ತಾಯಿ, ಪತ್ನಿ ಮತ್ತು ಎಂಟು ವರ್ಷದ ಮಗಳನ್ನು ಕೂಡಿಸಿಕೊಂಡು ನಸುಕಿನಲ್ಲಿಯೇ ಹೊರಟರು. ವೇಗದ ಮುಳ್ಳು ಅಂದು ಎಲ್ಲಿಯವರೆಗೆ ಏರಿತ್ತೆಂಬುದನ್ನು ಅವರು ಇಂದಿಗೂ ಬಾಯಿಬಿಟ್ಟು ಹೇಳುವುದಿಲ್ಲ. ಕಾನೂನು ಒಪ್ಪುವ ಎಡೆಯಲ್ಲಿ ಇರಲಿಲ್ಲವೆಂಬುದಷ್ಟೇ ನಿಜ. ಮಂಡ್ಯದ ಸಮೀಪದಲ್ಲಿ ಲಾರಿಯೊಂದು ಮುಂದಿನದನ್ನು ಹಿಂದೆ ಹಾಕುವ ಆತುರದಲ್ಲಿ ಒಮ್ಮೆಗೇ ಬಲಕ್ಕೆ ಸರಿಯಿತು. ಗೃಹಸ್ಥರು ಬ್ರೇಕನ್ನು ತುಳಿದರು. ಕಾರು ಎಳ್ಳಷ್ಟೂ ಓಲಾಡದೆ, ಗೆರೆ ಎಳೆದಂತೆ ನೇರವಾಗಿ ನಿಂತಿತು. ಲಾರಿಯ ಹಿಂಬದಿಗೂ ಕಾರಿನ ಮೂತಿಗೂ ನಡುವೆ ಉಳಿದದ್ದು ಒಂದು ಮಾರು.

“ನೋಡಿದೆಯಾ, ಹೇಗೆ ನಿಂತಿತು!” ಎಂದು ಅವರು ಹೆಮ್ಮೆಯಿಂದ ಪತ್ನಿಯ ಕಡೆಗೆ ತಿರುಗಿದರು.

ಆಕೆ ಉತ್ತರ ಹೇಳಲಿಲ್ಲ. ಬಾಗಿಲಿನ ಮೇಲಣ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದ ಆಕೆಯ ಬೆರಳುಗಳು ಬಿಳಿಚಿಕೊಂಡಿದ್ದವು. ಹಿಂದೆ ಕುಳಿತಿದ್ದ ಮಗಳು ಅಜ್ಜಿಯ ಮಡಿಲಿನಲ್ಲಿ ಮುಖವನ್ನು ಹುದುಗಿಸಿದ್ದಳು. ಮೈಸೂರನ್ನು ಮುಟ್ಟಿದ ಮೇಲೆ ತಾಯಿ ಕೇಳಿದ್ದು ಒಂದೇ ಮಾತು: “ಚನ್ನಪಟ್ಟಣ ಬರಲೇ ಇಲ್ಲವಲ್ಲಪ್ಪಾ?”

ಅಂದು ಮಧ್ಯಾಹ್ನ ಎಲೆಯ ಮೇಲಿನ ಹೋಳಿಗೆಯನ್ನು ಮಗಳು ಮುಟ್ಟಲಿಲ್ಲ. ಸಂಜೆ ಹೊರಡುವ ಹೊತ್ತಿಗೆ ಪತ್ನಿ ಬಹಳ ಶಾಂತವಾಗಿ, “ನಾವು ಮೂವರೂ ರೈಲಿನಲ್ಲಿ ಬರುತ್ತೇವೆ. ನೀವು ಕಾರು ತನ್ನಿ” ಎಂದರು. ಆ ದನಿಯಲ್ಲಿ ಸಿಟ್ಟಿದ್ದಿದ್ದರೆ ಗೃಹಸ್ಥರು ವಾದಿಸಬಹುದಾಗಿತ್ತು, ಸಿಟ್ಟಿರಲಿಲ್ಲ. ಖಾಲಿ ಸೀಟುಗಳನ್ನು ಹೊತ್ತುಕೊಂಡು ಅವರೊಬ್ಬರೇ ಮರಳಿದರು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಜಗಳವೇನೂ ನಡೆಯಲಿಲ್ಲ. ನೆಪಗಳು ಮಾತ್ರ ಹುಟ್ಟಿಕೊಂಡವು. ದೂರದ ಪ್ರಯಾಣವೆಂದರೆ ತಾಯಿಗೆ ಮೊಣಕಾಲು ನೋವು. ಮಗಳಿಗೆ ಶಾಲೆಯ ಪಾಠ. ಪತ್ನಿಗೆ ಮನೆತುಂಬ ಕೆಲಸ. ಮನೆಯೇ ಬೇರೆ, ಕಾರೇ ಬೇರೆ ಎಂಬಂತಾಯಿತು. ಗೃಹಸ್ಥರು ಎಂಜಿನಿಯರಿಂಗ್ ಓದಿದವರು. ವೇಗ ಇಮ್ಮಡಿಯಾದರೆ, ಬ್ರೇಕು ತುಳಿದ ಮೇಲೆ ವಾಹನ ನಿಲ್ಲುವುದಕ್ಕೆ ಬೇಕಾಗುವ ದೂರ ನಾಲ್ಮಡಿಯಾಗುತ್ತದೆಂಬ ಲೆಕ್ಕವನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಆ ದಿನದ ತಪ್ಪು ಲಾರಿಯವನದೆಂದೇ ಅವರು ಒಂದು ವರ್ಷದವರೆಗೆ ಸಾಧಿಸಿದರು. ಹೊರಗೆ ಯಾರೊಡನೆಯೂ ಅಲ್ಲ, ತಮ್ಮೊಡನೆಯೇ.

ಮರುವರ್ಷ ಅದೇ ನಂಟರ ಮೂಲಕ ಮೈಸೂರಿನ ಸರಸ್ವತಿಪುರದ ವೃದ್ಧರೊಬ್ಬರ ಪರಿಚಯವಾಯಿತು. ಅವರ ಮನೆಯ ಹಿತ್ತಲಿನ ಷೆಡ್ಡಿನಲ್ಲಿ 1967ರ ಫಿಯಟ್ ಕಾರೊಂದಿತ್ತು. ಇಂದಿನ ಮಕ್ಕಳಿಗೆ ಈ ಹೆಸರು ಹೊಸದಾಗಿ ತೋರಿದರೂ ಹಿರಿಯರಿಗೆ ಇದು ಮನೆಮಾತು. ವಾಲಚಂದ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯವರು ಇಟಲಿಯ ಫಿಯಟ್ 1100ನ್ನು ಮುಂಬಯಿಯ ಕುರ್ಲಾದಲ್ಲಿ ತಯಾರಿಸುತ್ತಿದ್ದರು. 1964ರಲ್ಲಿ ಬಂದ ಮಾದರಿಗೆ ‘ಡಿಲೈಟ್’ ಎಂದು ಹೆಸರು. ಅದೇ ಆಕಾರ ಮುಂದೆ 1974ರಿಂದ ‘ಪ್ರೀಮಿಯರ್ ಪದ್ಮಿನಿ’ಯಾಗಿ, ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಯಾಗಿ ನಾಡಿಗೆಲ್ಲ ಪರಿಚಿತವಾಯಿತು. ಆ ಟ್ಯಾಕ್ಸಿಗಳಲ್ಲಿ ಕಡೆಯದೂ 2023ರ ಅಕ್ಟೋಬರಿನಲ್ಲಿ ಬೀದಿಯಿಂದ ನಿವೃತ್ತಿ ಹೊಂದಿತು. ಎಂಜಿನ್ನಿನ ಗಾತ್ರ 1089 ಸಿ.ಸಿ.; ಅಶ್ವಶಕ್ತಿ ಸುಮಾರು 40.

ಕಾರು ಬೇಕೆಂದವರು ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲದಲ್ಲಿ ಕೊಂಡ ವಾಹನವದು. ವೃದ್ಧರು ಅದನ್ನು ಐವತ್ತೇಳು ವರ್ಷ ತಾವೇ ಓಡಿಸಿ, ತಾವೇ ಒರೆಸಿ, ಕಾಲಕಾಲಕ್ಕೆ ಯೋಗ್ಯತಾಪತ್ರ ಮಾಡಿಸಿ ಇಟ್ಟುಕೊಂಡಿದ್ದರು. ಅದರ ಸಂಖ್ಯಾಫಲಕ ಎಂ. ವೈ. ಎಂಬ ಅಕ್ಷರಗಳಿಂದ ಆರಂಭವಾಗುತ್ತಿತ್ತು. ಕರ್ನಾಟಕಕ್ಕೆ ಇನ್ನೂ ಮೈಸೂರು ರಾಜ್ಯವೆಂದೇ ಹೆಸರಿದ್ದ ಕಾಲದ ಗುರುತು. ಈಗ ವೃದ್ಧರ ಕಣ್ಣು ಮಂಜಾಗಿತ್ತು. ಹೋಟೆಲಿನ ಬಾಗಿಲಲ್ಲಿ ಅಲಂಕಾರಕ್ಕೆ ನಿಲ್ಲಿಸುವುದಕ್ಕೆಂದು ಕೇಳಿದವರಿಗೂ, ಮದುವೆಯ ಛಾಯಾಚಿತ್ರಗಳಿಗೆ ಬಾಡಿಗೆ ಕೊಡುತ್ತೇವೆಂದವರಿಗೂ ಅವರು ಕೊಡಲಿಲ್ಲ. “ಓಡಿಸುವವರಿದ್ದರೆ ಹೇಳಿ” ಎಂಬುದು ಅವರ ಒಂದೇ ಮಾತು.

ಅವರ ಮೊಮ್ಮಗನಿಗೆ ಕೆಂಪು ಕಾರಿನ ಮೇಲೆ ಕಣ್ಣು ಬಿತ್ತು. ಗೃಹಸ್ಥರಿಗೆ ಫಿಯಟ್ಟಿನ ಮೇಲೆ. ಎರಡು ಮನೆಯವರೂ ಕುಳಿತು ಮಾತನಾಡಿ, ಬೆಲೆಯ ಅಂತರವನ್ನು ಹಣದಲ್ಲಿ ತುಂಬಿಕೊಡುವುದೆಂದು ಗೊತ್ತುಮಾಡಿಕೊಂಡರು. ಆ ಹಣ ನೇರವಾಗಿ ಮಗಳ ಹೆಸರಿನ ಠೇವಣಿಗೆ ಹೋಗತಕ್ಕದ್ದೆಂದು ಪತ್ನಿ ಮೊದಲೇ ಷರತ್ತು ಹಾಕಿದ್ದರು.

ಕೀಲಿಗಳನ್ನು ಬದಲಾಯಿಸಿಕೊಳ್ಳುವ ದಿನ ಎಲ್ಲರೂ ಅಂಗಳದಲ್ಲಿ ನಿಂತಿದ್ದರು. ವೃದ್ಧರು ಗೃಹಸ್ಥರನ್ನು ಹತ್ತಿರಕ್ಕೆ ಕರೆದು, “ನನ್ನ ಕಾರಿನ ಚಿಂತೆ ನನಗಿಲ್ಲ. ನಿಮ್ಮ ಕಾರಿನ ಚಿಂತೆ ಇದೆ. ಹುಡುಗ ನನ್ನ ಮಾತು ಕೇಳುವ ವಯಸ್ಸಿನವನಲ್ಲ. ಅದನ್ನು ಓಡಿಸಿದವರು ನೀವು. ಕೀಲಿ ಕೊಡುವಾಗ ಒಂದು ಮಾತು ಹೇಳಿ ಕೊಡಿ” ಎಂದರು.

ಗೃಹಸ್ಥರು ಕೀಲಿಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಉಪದೇಶದ ಮಾತುಗಳು ಬಹಳವಿದ್ದವು. ಯಾವುದೂ ಬಾಯಿಗೆ ಬರಲಿಲ್ಲ. ಕಡೆಗೆ ಅವರು ಆ ಜೂನ್ ತಿಂಗಳ ಬೆಳಗಿನ ಕಥೆಯನ್ನು ಹೇಳಿದರು. ಎಷ್ಟು ವೇಗವಾಗಿ ಹೋಗುತ್ತಿದ್ದರೆಂಬುದನ್ನೂ ಮುಚ್ಚಿಡದೆ ಆ ಹುಡುಗನ ಕಿವಿಯಲ್ಲಿ ಹೇಳಿದರು. ಆಮೇಲೆ ಎಲ್ಲರಿಗೂ ಕೇಳುವಂತೆ, “ತಪ್ಪು ಲಾರಿಯವನದಲ್ಲಪ್ಪಾ, ನನ್ನದು. ಅಂದು ಕಾರು ನಮ್ಮನ್ನು ಉಳಿಸಿತು. ಅದಕ್ಕೆ ನಾನು ನಾಚಬೇಕಾಗಿತ್ತು, ಹೆಮ್ಮೆಪಟ್ಟೆ. ಇದು ಒಳ್ಳೆಯ ಕಾರು. ನನ್ನ ತಪ್ಪನ್ನು ತಾನೇ ತಿದ್ದಿಕೊಂಡುಬಿಡುವಷ್ಟು ಒಳ್ಳೆಯದು. ಆದ್ದರಿಂದಲೇ ನನಗೆ ನನ್ನ ತಪ್ಪು ಕಾಣಲಿಲ್ಲ” ಎಂದರು.

ಪತ್ನಿ ಎರಡು ಹೆಜ್ಜೆ ದೂರದಲ್ಲಿ ಮಗಳ ಕೈ ಹಿಡಿದು ನಿಂತಿದ್ದರು. ಒಂದು ವರ್ಷದಿಂದ ಆಕೆ ಕೇಳದೆ ಕಾದಿದ್ದ ಮಾತು ಅದು. ಯಾರದೋ ಅಂಗಳದಲ್ಲಿ, ಯಾರದೋ ಮಗನಿಗೆ ಹೇಳಿದ್ದರಿಂದ ಅದರ ಬೆಲೆ ಕಡಮೆಯಾಗಲಿಲ್ಲ. ಆಕೆ ಸೆರಗಿನ ತುದಿಯಿಂದ ಕಣ್ಣಿನ ಮೂಲೆಯನ್ನು ಒತ್ತಿಕೊಂಡು, “ಬಿಸಿಲು ಜಾಸ್ತಿ” ಎಂದರು. ಹುಡುಗ ಎಷ್ಟನ್ನು ಮನಸ್ಸಿಗೆ ತೆಗೆದುಕೊಂಡನೋ ಹೇಳುವುದು ಕಷ್ಟ. ಆದರೆ ಕೀಲಿ ಕೈಗೆ ಬಂದೊಡನೆ ಅಜ್ಜನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಬೀದಿಯನ್ನೊಮ್ಮೆ ಸುತ್ತಿ ಬಂದ, ಬಹಳ ಮೆಲ್ಲಗೆ.

ಹೀಗೆ ಬಂದ ಫಿಯಟ್ಟು ಸ್ವರ್ಗದಿಂದಿಳಿದ ಕಾಮಧೇನುವೆಂದು ಭಾವಿಸಬೇಕಾಗಿಲ್ಲ. ಬೆಳಗ್ಗೆ ಚೋಕ್ ಎಳೆದು, ಅದರ ಮನಸ್ಸನ್ನರಿತು ಎಬ್ಬಿಸಬೇಕು. ಗೇರಿನ ಹಿಡಿ ಸ್ಟಿಯರಿಂಗ್ ಕಂಬಕ್ಕೆ ಅಂಟಿಕೊಂಡಿದೆ. ಗಾಡಿ ಪೂರ್ತಿಯಾಗಿ ನಿಲ್ಲುವ ಮುನ್ನ ಮೊದಲನೆಯ ಗೇರಿಗೆ ತಳ್ಳಿದರೆ ಹಲ್ಲು ಕಡಿಯುತ್ತದೆ. ಬ್ರೇಕು ಹಿಡಿಯಬೇಕಾದರೆ ಕಾಲಿನಲ್ಲಿ ಬಲ, ಮನಸ್ಸಿನಲ್ಲಿ ಮುಂದಾಲೋಚನೆ ಎರಡೂ ಬೇಕು. ನೂರು ಗಜ ಮುಂದಿರುವ ಎತ್ತು, ಎಮ್ಮೆ, ಲಾರಿ, ಹುಡುಗ ಎಲ್ಲರ ಉದ್ದೇಶವನ್ನೂ ಊಹಿಸುತ್ತ ಓಡಿಸಬೇಕು. ಕೆಂಪು ಕಾರಿನಲ್ಲಿ ಚಾತುರ್ಯವೆಲ್ಲ ಕಾರಿನದಾಗಿತ್ತು. ಇಲ್ಲಿ ಅದನ್ನು ಓಡಿಸುವವನೇ ಮನೆಯಿಂದ ತರಬೇಕು.

ಬಿಡಿಭಾಗಗಳಿಗೆ ಜೆ. ಸಿ. ರಸ್ತೆಯ ಅಂಗಡಿಗಳನ್ನೂ ಶಿವಾಜಿನಗರದ ಗುಜರಿಯನ್ನೂ ಅಲೆಯಬೇಕು. ಈಗಿನ ಪೆಟ್ರೋಲಿಗೆ ಶೇಕಡ 20ರಷ್ಟು ಎಥೆನಾಲ್ ಬೆರೆಸುವುದರಿಂದ ಹಳೆಯ ರಬ್ಬರಿನ ಕೊಳವೆಗಳು ಬೇಗ ಹಾಳಾಗುತ್ತವೆಂದು ಮುದಿ ಮೇಸ್ತ್ರಿಯೊಬ್ಬರು ಅವನ್ನೆಲ್ಲ ಬದಲಾಯಿಸಿದರು. ಅವರು ಬಾನೆಟ್ಟು ಮುಚ್ಚುತ್ತ, “ಸ್ವಾಮಿ, ಗಾಡಿಗೆ ವಯಸ್ಸಾಗಿದೆ, ಕಾಯಿಲೆ ಇಲ್ಲ. ದಿನಾ ನಾಲ್ಕು ಹೆಜ್ಜೆ ನಡೆಸಿ” ಎಂದು ವೈದ್ಯರಂತೆ ನುಡಿದರು. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲರೂಪವನ್ನು ಉಳಿಸಿಕೊಂಡ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಆದರೆ ಆ ಗೌರವ ಸಂದ ಮೇಲೆ ಅದನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಗೃಹಸ್ಥರಿಗೆ ಗೌರವ ಬೇಡವಾಯಿತು. ಗಾಂಧಿಬಜಾರಿಗೆ ಹೋಗಿ ತರಕಾರಿ ತರುವ ಸ್ವಾತಂತ್ರ್ಯವೇ ಸಾಕೆಂದರು.

ಒಂದು ವಿಚಾರದಲ್ಲಿ ಮಾತ್ರ ಪತ್ನಿಯ ಮಾತು ಕೊನೆಯವರೆಗೂ ಗೆದ್ದಿತು. ಹಳೆಯ ಕಾರು ನಿಧಾನವಾದದ್ದೆಂದ ಮಾತ್ರಕ್ಕೆ ನಿರಪಾಯವಾದದ್ದಲ್ಲ. ಅಪಘಾತದಲ್ಲಿ ಕಾಯುವ ಗಾಳಿಚೀಲ ಅದರಲ್ಲಿಲ್ಲ, ಹೊಸ ಕಾರಿನಂತೆ ಪೆಟ್ಟನ್ನು ತಾನು ನುಂಗಿಕೊಳ್ಳುವ ಮೈಕಟ್ಟೂ ಇಲ್ಲ. ಆದ್ದರಿಂದ ಆಕೆ ವಿಧಿಸಿದ ಕಟ್ಟಳೆಗಳು: ಸೀಟುಗಳಿಗೆಲ್ಲ ಬೆಲ್ಟು ಹಾಕಿಸಬೇಕು, ಮಗಳು ಹಿಂದೆಯೇ ಕೂರಬೇಕು, ಕತ್ತಲಾದ ಮೇಲೆ ಊರು ಬಿಡಕೂಡದು, ಹೊಸ ಹೆದ್ದಾರಿಯ ಮುಖ ನೋಡಕೂಡದು. ತಾಯಿಗೆ ಒಂದು ರಾತ್ರಿ ಎದೆನೋವು ಕಾಣಿಸಿಕೊಂಡಾಗ ಗೃಹಸ್ಥರು ಫಿಯಟ್ಟಿನ ಕಡೆ ತಿರುಗಿಯೂ ನೋಡದೆ ಆಂಬುಲೆನ್ಸನ್ನೇ ಕರೆಸಿದರು. ಪ್ರೀತಿ ಬೇರೆ, ವಿವೇಕ ಬೇರೆ ಎಂಬ ಭೇದವನ್ನು ಆ ಹೊತ್ತಿಗೆ ಅವರು ಕಲಿತಿದ್ದರು. ಹೆದರುವಂಥದ್ದೇನೂ ಇರಲಿಲ್ಲವಾಗಿ ಮುದುಕಿ ಮೂರನೆಯ ದಿನ ಮನೆಗೆ ಬಂದರು, ಬಂದವರು, “ಒಮ್ಮೆ ಮೈಸೂರಿಗೆ ಕರೆದುಕೊಂಡು ಹೋಗು. ಚನ್ನಪಟ್ಟಣ ಬರಬೇಕು” ಎಂದರು.

ಹೋದರು. ಹಳೆಯ ರಸ್ತೆಯಲ್ಲಿ, ಹಳೆಯ ಕಾರಿನಲ್ಲಿ. ಬಿಡದಿಯಲ್ಲಿ ತಟ್ಟೆ ಇಡ್ಲಿ. ರಾಮನಗರದ ಬಂಡೆಗಳ ನೆರಳಿನಲ್ಲಿ ರೇಡಿಯೇಟರಿಗೆ ನೀರು. ಚನ್ನಪಟ್ಟಣದಲ್ಲಿ ಮಗಳಿಗೊಂದು ಅರಗಿನ ಬಣ್ಣದ ಮರದ ಕುದುರೆ. ಮದ್ದೂರಿನಲ್ಲಿ ತಾಯಿ ವಡೆಯನ್ನು ಮುರಿಯುತ್ತ, ಐವತ್ತು ವರ್ಷಗಳ ಹಿಂದೆ ಇದೇ ದಾರಿಯಲ್ಲಿ ಮದುಮಗಳಾಗಿ ಬಸ್ಸಿನಲ್ಲಿ ಬಂದ ಕಥೆಯನ್ನು ಹೇಳಿದರು. ಮಗಳು ಆ ಕಥೆಯನ್ನು ಅಂದೇ ಮೊದಲು ಕೇಳಿದ್ದು, ಗೃಹಸ್ಥರು ಕೂಡ.

ಸರಸ್ವತಿಪುರದ ಆ ಮನೆಯ ಬಾಗಿಲಲ್ಲಿ ವೃದ್ಧರು ಆಗಲೇ ಬಂದು ನಿಂತಿದ್ದರು. ಕಾರು ತಿರುವಿನಲ್ಲಿರುವಾಗಲೇ ಸದ್ದಿನಿಂದ ಗುರುತು ಹಿಡಿದಿದ್ದರಂತೆ. ಬಾನೆಟ್ಟಿನ ಮೇಲೆ ಕೈಯಿಟ್ಟು ಒಂದು ಗಳಿಗೆ ಆಲಿಸಿ, “ಟ್ಯಾಪೆಟ್ಟು ಸ್ವಲ್ಪ ಸಡಿಲವಾಗಿದೆ, ನೋಡಿಸಿ” ಎಂದರು. “ಎಷ್ಟು ಹೊತ್ತು ಹಿಡಿಯಿತು?” ಎಂದು ಮೊಮ್ಮಗ ಕೇಳಿದ. ಗೃಹಸ್ಥರು ಗಡಿಯಾರವನ್ನು ನೋಡಿಕೊಳ್ಳುವಷ್ಟರಲ್ಲಿ ಪತ್ನಿಯೇ, “ಹೊತ್ತು ನೋಡಲಿಲ್ಲಪ್ಪ” ಎಂದರು.

ಕಟ್ಟಳೆಯಂತೆ ರಾತ್ರಿ ಮೈಸೂರಿನಲ್ಲಿಯೇ ತಂಗಿದರು. ಮರುದಿನ ಬೆಳಗ್ಗೆ ಹೊರಡುವಾಗ ರೈಲಿನ ವೇಳೆಯನ್ನು ಯಾರೂ ಕೇಳಲಿಲ್ಲ.