ಹತ್ತೊಂಬತ್ತು ಮಂದಿ ಅರ್ಥಧಾರಿಗಳು

ಜನ ಬಾರದೆ ಮುಚ್ಚಿಹೋದ ಸಂಘಗಳ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಜನ ಬಂದುಬಂದೇ ಮುಚ್ಚಿಹೋಗಲಿದ್ದ ಸಂಘವೊಂದರ ಕಥೆ ನನ್ನದು. ಇಸಳೂರಿನ ನಮ್ಮ ಶನಿವಾರದ ತಾಳಮದ್ದಳೆ ಕೂಟದಲ್ಲಿ ಪಾತ್ರ ಹಂಚುವ ಕೆಲಸ ನನ್ನ ತಲೆಗೆ ಬಂದಿತ್ತು. ಕಾಲೇಜಿನಲ್ಲಿ ಕನ್ನಡ ಕಲಿಸುವವನಿಗೆ ಪುರಾಣವೆಲ್ಲ ತಿಳಿದಿರುತ್ತದೆಂಬುದು ಊರವರ ನಂಬಿಕೆ. ಆ ನಂಬಿಕೆಗೆ ನಾನಾಗಿ ಭಂಗ ತರಲಿಲ್ಲ.

ನಮ್ಮ ಸೀಮೆಯ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ಯಕ್ಷಗಾನದಿಂದ ವೇಷವನ್ನೂ ಕುಣಿತವನ್ನೂ ಕಳೆದರೆ ಉಳಿಯುವುದು ತಾಳಮದ್ದಳೆ. ಭಾಗವತರು ಪ್ರಸಂಗದ ಪದವನ್ನು ಹಾಡುತ್ತಾರೆ. ಪಂಚೆಯುಟ್ಟು ಶಾಲು ಹೊದ್ದು ಕುಳಿತ ಅರ್ಥಧಾರಿ ಆ ಪದದ ಎಳೆ ಹಿಡಿದು ತನ್ನ ಪಾತ್ರದ ಮಾತನ್ನು ಅಲ್ಲಿಯೇ ಕಟ್ಟುತ್ತಾನೆ. ಬರೆದಿಟ್ಟ ಸಂಭಾಷಣೆಯಿಲ್ಲ, ಎದುರಾಳಿ ಏನು ಕೇಳುವನೋ ತಿಳಿಯದು. ಕೌರವ ಸಂಧಿಗೆ ಒಪ್ಪುವುದಿಲ್ಲವೆಂಬುದನ್ನು ಎಲ್ಲರೂ ಬಲ್ಲರು; ಆದರೆ ಈ ರಾತ್ರಿ ಯಾವ ವಾದ ಹೂಡಿ ಒಪ್ಪದಿರುವನೆಂಬುದು ಸ್ವತಃ ಕೌರವನಿಗೂ ಗೊತ್ತಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ವಾಲಿಯಾಗಿ ಕುಳಿತರೆ ರಾಮನ ಪಾತ್ರ ವಹಿಸಿದವನಿಗೆ ಬೆವರು ಬರುತ್ತಿದ್ದುದು ಅದಕ್ಕಾಗಿಯೇ.

ಬೆಂಗಳೂರಿನಲ್ಲಿರುವ ನನ್ನ ಸೋದರಳಿಯ ಇಂಥದೇ ಇನ್ನೊಂದು ಆಟದ ವಿಷಯ ಹೇಳಿದ್ದ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ವೀರರೋ ಮಾಂತ್ರಿಕರೋ ಆಗಿ ಮಾತನಾಡುತ್ತಾರೆ. ಸಂಶಯ ಬಂದಲ್ಲಿ ದಾಳ ಉರುಳುತ್ತದೆ. ಅದರ ಮೊದಲ ನಿಯಮಪುಸ್ತಕ ನಾಲ್ವರಿಂದ ಐವತ್ತು ಮಂದಿಯವರೆಗೆ ಆಟಗಾರರಿರಬಹುದೆಂದು ಉದಾರವಾಗಿ ಹೇಳಿತ್ತು. "ಮಾವ, ಆರು ಜನ ದಾಟಿದರೆ ಆಟ ಹೋಗಿ ಸಂತೆಯಾಗುತ್ತದೆ" ಎಂದು ಅವನು ದೂರಿದಾಗ ನಾನು ನಕ್ಕಿದ್ದೆ.

ನಮ್ಮ ಕೂಟ ಹುಟ್ಟಿದ್ದು ಒಂದು ಮಳೆಗಾಲದಲ್ಲಿ, ದೊಡ್ಡಪ್ಪನ ಮನೆಯ ಜಗಲಿಯಲ್ಲಿ. ಭಾಗವತರು, ಮದ್ದಳೆಯವರು, ಅರ್ಥಧಾರಿಗಳು ಐವರು. ಅಡಿಕೆಗೆ ಕೊಳೆರೋಗ ಬಂದೀತೆಂಬ ಚಿಂತೆಯನ್ನು ಅಂಗಳದಲ್ಲೇ ಬಿಟ್ಟು, ಹೊರಗೆ ಸುರಿಯುವ ಮಳೆಯ ಎದುರು ದನಿ ಏರಿಸಿ ಮಾತನಾಡುತ್ತಿದ್ದೆವು. ಆಮೇಲೆ ನಿವೃತ್ತ ಮಾಸ್ತರರಿಬ್ಬರು ಬಂದರು. ಬ್ಯಾಂಕಿನವರೊಬ್ಬರು ಬಂದರು. 2020ರಲ್ಲಿ ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡಲು ಊರಿಗೆ ಮರಳಿದ ತರುಣರು ಬಂದರು. ಅವರ ಹಿಂದೆ ನನ್ನ ವಿದ್ಯಾರ್ಥಿಗಳು. ಯಾರಿಗೂ ಬೇಡವೆನ್ನಲು ನನಗೆ ನಾಲಗೆ ಏಳಲಿಲ್ಲ. ಈ ಕಾಲದಲ್ಲಿ ಹುಡುಗರು ತಾಳಮದ್ದಳೆಗೆ ಬರುತ್ತಾರೆಂದರೆ ಬೇಡವೆನ್ನುವ ಮೂರ್ಖನಾರು? ಅರ್ಥಧಾರಿಗಳೇ ಹತ್ತೊಂಬತ್ತು ಮಂದಿಯಾದರು.

ಮೊದಲು ದೂತ, ದ್ವಾರಪಾಲಕರ ಸಂಖ್ಯೆಯನ್ನು ಹೆಚ್ಚಿಸಿದೆ. ದೊರೆತದ್ದು ಎರಡೇ ಮಾತಿನ ಅವಕಾಶವೆಂದು ತಿಳಿದ ದ್ವಾರಪಾಲಕ ಬಾಗಿಲ ಬಳಿಯೇ ವೇದಾಂತ ಆರಂಭಿಸಿದ. ಬಳಿಕ ಒಂದೇ ಪಾತ್ರವನ್ನು ಇಬ್ಬರಿಗೆ ಹಂಚಿದೆ. ದೊಡ್ಡ ಕೂಟಗಳಲ್ಲಿಯೂ ಇರುವ ಕ್ರಮವೇ ಅದು. 'ಕೃಷ್ಣಸಂಧಾನ'ದಲ್ಲಿ ಪೂರ್ವಾರ್ಧದ ಕೃಷ್ಣ ಐದು ಗ್ರಾಮಗಳಿಗೆ ಇಳಿದಿದ್ದ. ಕವಳ ಹಾಕಲು ಹೊರಗೆ ಹೋಗಿದ್ದ ಉತ್ತರಾರ್ಧದ ಕೃಷ್ಣ ಬಂದು ಕುಳಿತವನೇ ಅರ್ಧರಾಜ್ಯ ಕೇಳಿದ. "ಮೊದಲಿನ ಕೃಷ್ಣನನ್ನೇ ಕರೆಯಿರಿ, ಅವನೊಡನೆ ವ್ಯವಹಾರ ಕುದುರುವಂತಿತ್ತು" ಎಂದ ಕೌರವ. ಜಗಲಿಯೆಲ್ಲ ನಕ್ಕಿತು.

ನಗು ಬಾರದ ಸಂಗತಿ ನಡೆದದ್ದೂ ಅದೇ ಪ್ರಸಂಗದಲ್ಲಿ, ಇನ್ನೊಂದು ಶನಿವಾರ. ಹಸ್ತಿನಾವತಿಗೆ ಬಂದ ಕೃಷ್ಣ ಕೌರವನ ಅರಮನೆಯನ್ನು ಬಿಟ್ಟು ವಿದುರನ ಮನೆಯಲ್ಲಿ ಇಳಿಯುತ್ತಾನಷ್ಟೆ. ವಿದುರ ನಮ್ಮ ದೊಡ್ಡಪ್ಪನ ಪಾತ್ರ. ಪಾಂಡಿತ್ಯದ ಮಾತಲ್ಲ ಅವರದು. ಮನೆಗೆ ಬಂದವರನ್ನು ಹೇಗೆ ಕರೆಯುತ್ತಾರೋ ಹಾಗೆಯೇ ಕೃಷ್ಣನನ್ನೂ ಕರೆಯುತ್ತಿದ್ದರು, ಕೇಳಿದವರ ಕಣ್ಣು ಒದ್ದೆಯಾಗುತ್ತಿತ್ತು. ಆ ರಾತ್ರಿ ಧರ್ಮರಾಯನೂ ಭೀಮನೂ ಮಾತು ಮುಗಿಸುವಷ್ಟರಲ್ಲಿ ಹನ್ನೆರಡೂವರೆ. ಇನ್ನೂ ಒಂಬತ್ತು ಮಂದಿ ಕಾಯುತ್ತಿದ್ದರು. ವಿದುರನ ಪದ ಬಿಟ್ಟು ನೇರವಾಗಿ ಸಭೆಗೆ ಹೋಗಿರೆಂದು ನಾನು ಭಾಗವತರಿಗೆ ಸನ್ನೆ ಮಾಡಿದೆ. ದೊಡ್ಡಪ್ಪ ಆಗಲೇ ಶಾಲು ಸರಿಪಡಿಸಿಕೊಂಡು ಮುಂದೆ ಸರಿದು ಕುಳಿತಿದ್ದರು. ಸಭೆಯ ಪದ ಕೇಳಿದೊಡನೆ ಏನೂ ಅನ್ನದೆ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ತಾವೇ ಎಲ್ಲರಿಗೂ ಕಷಾಯ ತಂದು ಹಂಚಿದರು. ನನಗೂ ಕೊಟ್ಟರು.

"ಜಗಲಿ ಸಾಲುವುದಿಲ್ಲ ತಮಾ, ಬೇರೆ ಕಡೆ ಮಾಡಿ" ಎಂದು ಮರುದಿನ ಹೇಳಿದರು. ಮತ್ತೊಂದು ಮನೆಯಲ್ಲಿ ಮೂರು ವಾರ ಕೂಡಿದೆವು. ಅವರು ಬರಲಿಲ್ಲ. ಮಂಡಿನೋವಂತೆ.

ಕೊನೆಗೆ ಕೂಟವನ್ನು ಎರಡಾಗಿ ಮಾಡಿದೆ. ಇರುವವರು ಒಬ್ಬರೇ ಭಾಗವತರಾದ್ದರಿಂದ ಒಂದು ವಾರ ಒಂದು ತಂಡ, ಮುಂದಿನ ವಾರ ಇನ್ನೊಂದು. ಯಾರು ಯಾರೊಡನೆ ಎಂಬ ಪಟ್ಟಿ ಬರೆಯುವುದು ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವುದಕ್ಕಿಂತ ಕಠಿಣವಾಯಿತು. ಮೂವರು ಮುನಿಸಿಕೊಂಡು ಬಿಟ್ಟೇಹೋದರು. ಅವರಲ್ಲೊಬ್ಬರು ಇಂದಿಗೂ ಶಿರಸಿ ಪೇಟೆಯಲ್ಲಿ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಾರೆ. ಅವರದು ತಪ್ಪೆಂದು ನಾನು ಹೇಳಲಾರೆ. ಮೊದಲೇ ಬೇಡವೆನ್ನಬೇಕಾಗಿದ್ದ ಮಾತನ್ನು ಎರಡು ವರ್ಷ ತಡವಾಗಿ ಹೇಳಿದವನು ನಾನು.

ಪಟ್ಟಿ ಹಿಡಿದು ದೊಡ್ಡಪ್ಪನ ಮನೆಗೆ ಹೋದೆ. ಅವರು ಅದನ್ನು ನೋಡಲಿಲ್ಲ.

"ವಿದುರ ಯಾರು?"

"ದೊಡ್ಡಪ್ಪನೇ ಆಗಬೇಕು. ವಿದುರನ ಮನೆಯಿಂದಲೇ ಪ್ರಸಂಗ ಆರಂಭಿಸುತ್ತೇವೆ."

ಸುಮ್ಮನೆ ಕವಳ ಜಗಿದರು. "ಎಲ್ಲ ಸೇರಿ ಎಷ್ಟು ಜನ?"

"ಭಾಗವತರೂ ಮದ್ದಳೆಯವರೂ ಸೇರಿ ಹತ್ತು."

ಅಡಿಗೆಮನೆಯ ಕಡೆಗೆ ತಿರುಗಿ ಅವರು ಕೂಗಿ ಹೇಳಿದರು: "ಶನಿವಾರ ಹತ್ತೇ ಲೋಟ ಸಾಕು."