ಅಣ್ಣನ ಮಷೀನಿನ ಹಿಂದೆ

2006ರಲ್ಲಿ ಹನುಮಂತನಗರದ ನಮ್ಮ ಮನೆಯಲ್ಲಿ ಇಂಟರ್ನೆಟ್ ಬರಬೇಕಾದರೆ ಮೊದಲು ಅಣ್ಣ ಏಳಬೇಕಿತ್ತು. ಬ್ರಾಡ್‌ಬ್ಯಾಂಡ್ ಮೋಡೆಮ್ಮಿನ ತಂತಿ ಹೋಗುತ್ತಿದ್ದುದು ಅವನ ಕಂಪ್ಯೂಟರಿಗೆ. ಅಲ್ಲಿಂದ ಇನ್ನೊಂದು ತಂತಿ ಗೋಡೆಯಂಚು ಹಿಡಿದು, ದೇವರಮನೆ ಬಾಗಿಲ ಮೇಲೆ ಹಾದು, ನಡುಮನೆಯಲ್ಲಿದ್ದ ನನ್ನ ಹಳೇ ಡಬ್ಬಕ್ಕೆ ಇಳಿಯುತ್ತಿತ್ತು. ಅವನದು ಆಫ್ ಆದರೆ ನನ್ನದು ಬರೀ ಟೈಪ್‌ರೈಟರು.

ಆ ತಂತಿಗಾಗಿ ಎಸ್.ಪಿ. ರೋಡಿಗೆ ಎರಡು ಸಲ ಹೋಗಿದ್ದೆವು. ಮೊದಲ ಸಲ ಅಂಗಡಿಯ ಹುಡುಗ ಎರಡೂ ತುದಿಗೆ ಪ್ಲಗ್ ಒತ್ತುವ ಮುಂಚೆ ‘ಸ್ಟ್ರೈಟಾ, ಕ್ರಾಸಾ?’ ಅಂತ ಕೇಳಿದ. ಗೊತ್ತಿಲ್ಲ ಅನ್ನಲು ಅಣ್ಣನಿಗೆ ಮನಸ್ಸಾಗದೆ ‘ಸ್ಟ್ರೈಟು’ ಅಂದ. ಮನೆಗೆ ಬಂದು ಚುಚ್ಚಿದರೆ ಲ್ಯಾನ್ ಕಾರ್ಡಿನ ದೀಪವೇ ಹತ್ತಲಿಲ್ಲ. ಎರಡು ಕಂಪ್ಯೂಟರನ್ನು ನೇರವಾಗಿ ಜೋಡಿಸುವಾಗ ಒಂದು ಮಾತಾಡುವ ತಂತಿ ಇನ್ನೊಂದು ಕೇಳಿಸಿಕೊಳ್ಳುವ ತಂತಿಗೆ ಸೇರಬೇಕು. ಅದಕ್ಕೆ ಒಂದು ತುದಿಯಲ್ಲಿ ಕಿತ್ತಳೆ ಜೋಡಿ, ಹಸಿರು ಜೋಡಿ ಅದಲುಬದಲಾಗಬೇಕು. ಒಳಗೆ ಎಂಟು ಎಳೆ ಇದ್ದರೂ ಆಗಿನ ವೇಗಕ್ಕೆ ದುಡಿಯುತ್ತಿದ್ದುದು ಆ ನಾಲ್ಕೇ. ಮುಂದೆ ಬಂದ ಯಂತ್ರಗಳು ಯಾವ ತಂತಿ ಯಾವುದೆಂದು ತಾವೇ ಕಂಡುಕೊಂಡವು. ನಾವು ಕಷ್ಟಪಟ್ಟು ಕಲಿತ ಬಣ್ಣದ ಪಾಠ ಯಾರಿಗೂ ಬೇಡವಾಯಿತು.

ಉಳಿದ ಕೆಲಸ ಸಾಫ್ಟ್‌ವೇರಿನದು. 1999ರ ವಿಂಡೋಸ್ 98 ಸೆಕೆಂಡ್ ಎಡಿಷನ್ನಿನಿಂದಲೇ ‘ಇಂಟರ್ನೆಟ್ ಕನೆಕ್ಷನ್ ಶೇರಿಂಗ್’ ಎಂಬುದಿತ್ತು. ನಮ್ಮ ಎಕ್ಸ್‌ಪಿಯಲ್ಲಿ ಒಂದು ಟಿಕ್ ಹಾಕಿದ್ದೇ ತಡ, ಅಣ್ಣನ ಮಷೀನು ಮನೆಯೊಳಗೆ 192.168.0.1 ಆಗಿ ಕೂತಿತು. ವಠಾರದ ಒಂದೇ ಡೋರ್ ನಂಬರಿಗೆ ಬಂದ ಕಾಗದಗಳನ್ನು ಮುಂದಿನ ಮನೆಯವರು ಇಸಿದುಕೊಂಡು ಒಳಗಿನವರಿಗೆ ಹಂಚುತ್ತಾರಲ್ಲ, ಹಾಗೆ. ಹೊರಗಿನವರಿಗೆ ಕಾಣುವುದು ಅವನ ವಿಳಾಸ ಮಾತ್ರ. ನಾನು ಕೇಳಿದ್ದನ್ನು ಅವನ ಯಂತ್ರ ತನ್ನ ಹೆಸರಿನಲ್ಲಿ ಕೇಳಿ, ಉತ್ತರ ಬಂದಾಗ ಲೆಕ್ಕ ನೋಡಿ ನನಗೆ ದಾಟಿಸುತ್ತಿತ್ತು.

ಹೀಗೆ ಕೂಡಿ ಬಳಸಿದ ಕಾಲವನ್ನು ನೆನೆದು ಕರಗುವವರನ್ನು ಕಂಡಿದ್ದೇನೆ. ನಮ್ಮ ಮನೆಯಲ್ಲಿ ಅದು ಶುದ್ಧ ಜಗಳ. ಸೆಕೆಂಡಿಗೆ 256 ಕಿಲೋಬಿಟ್ ಅಂದರೆ ಎಲ್ಲ ಸರಿಯಿದ್ದರೂ 32 ಕಿಲೋಬೈಟ್. 4 ಎಂಬಿಯ ಒಂದು ಹಾಡಿಗೆ ಎರಡು ನಿಮಿಷಕ್ಕೂ ಹೆಚ್ಚು. ತಿಂಗಳಿಗೆ 1 ಜಿಬಿ ಮಿತಿ, ಮೀರಿದರೆ ಎಂಬಿಗಿಷ್ಟು ಅಂತ ಬಿಲ್ಲು. ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಮಾತ್ರ ಲೆಕ್ಕವಿಲ್ಲ. ಅಣ್ಣ ಅಲಾರಂ ಇಟ್ಟು ಎದ್ದು ಟೊರೆಂಟ್ ಹಾಕುತ್ತಿದ್ದ. ಎಡಿಎಸ್ಎಲ್ ಲೈನಿನಲ್ಲಿ ಕಳಿಸುವ ದಾರಿ ತರಿಸುವ ದಾರಿಗಿಂತ ಕಿರಿದು. ಟೊರೆಂಟೋ, ಇಳಿಸಿಕೊಳ್ಳುತ್ತಲೇ ಬೇರೆಯವರಿಗೆ ಕಳಿಸುತ್ತಲೂ ಇರುತ್ತದೆ. ಆ ಕಿರಿದಾರಿ ತುಂಬಿತೆಂದರೆ ‘ತಲುಪಿತು, ಮುಂದಿನದು ಕಳಿಸಿ’ ಎನ್ನುವ ನನ್ನ ಪುಟ್ಟ ಉತ್ತರಗಳೂ ಸಾಲಿನಲ್ಲಿ ನಿಂತು, ಬರಬೇಕಾದ ಪುಟವೂ ನಿಂತೇಬಿಡುತ್ತಿತ್ತು. ಆಗ ನನಗೆ ಇದು ತಿಳಿದಿರಲಿಲ್ಲ. ಅಣ್ಣ ಬೇಕೆಂತಲೇ ಮಾಡುತ್ತಾನೆ ಅಂದುಕೊಂಡಿದ್ದೆ.

ಒಮ್ಮೆ ಪರೀಕ್ಷೆಯ ಅರ್ಜಿ ತುಂಬಿ ಕೊನೆಯ ಪುಟದಲ್ಲಿದ್ದಾಗ ಅವನು ಆಂಟಿವೈರಸ್ ಅಪ್‌ಡೇಟಿಗೆಂದು ಮಷೀನ್ ರೀಸ್ಟಾರ್ಟ್ ಮಾಡಿದ. ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ತಿಂಗಳ ಮೊದಲನೇ ತಾರೀಖು. ಟ್ಯೂಷನ್ ದುಡ್ಡಿನಲ್ಲಿ ಇಂಟರ್ನೆಟ್ಟಿನ ನನ್ನ ಪಾಲು ಇನ್ನೂರು ರೂಪಾಯಿ ಅವನ ಕೈಗಿಡಲು ಮಾತಾಡಲೇಬೇಕಾಯಿತು. ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮೋಡೆಮ್ಮೇ ರೂಟರಿನ ಕೆಲಸವನ್ನೂ ಮಾಡಬಲ್ಲದಾಗಿತ್ತು. ಒಂದು ಸಣ್ಣ ಸ್ವಿಚ್ ತಂದಿದ್ದರೆ ಇಬ್ಬರೂ ಒಬ್ಬರ ಹಂಗಿಲ್ಲದೆ ಇರಬಹುದಿತ್ತು. ಅಣ್ಣನಿಗೆ ಇದು ಮೊದಲಿಂದ ಗೊತ್ತಿತ್ತು. ನನಗೆ ತಿಳಿದದ್ದು ಅವನು ಕೆಲಸ ಸಿಕ್ಕಿ ಪುಣೆಗೆ ಹೋದ ಮೇಲೆ.

ಈಗ ಅದೇ ಮನೆಗೆ ಫೈಬರ್ ಬಂದಿದೆ, 100 ಎಂಬಿಪಿಎಸ್. ರೂಟರಿನ ಪಟ್ಟಿ ತೆಗೆದರೆ ಹದಿನಾಲ್ಕು ಹೆಸರು, ಅದರಲ್ಲಿ ಮೂರು ಏನೆಂದು ನನಗೇ ತಿಳಿಯದು. ಯಾರು ಎಷ್ಟು ಹೊತ್ತಿಗೆ ಎದ್ದು ಏನು ಇಳಿಸಿದರೆಂದು ಕೇಳುವವರಿಲ್ಲ. ನನಗೇನೂ ಬೇಸರವಿಲ್ಲ, ಕಾವಲಿಗೊಬ್ಬ ಅಣ್ಣ ಮತ್ತೆ ಬೇಕೆಂದು ಯಾವತ್ತೂ ಅನ್ನಿಸಿಲ್ಲ.

ಹೋದ ಬೇಸಿಗೆ ರಜೆಗೆ ಬಂದ ಅಣ್ಣನ ಮಗ, ತನ್ನ ಲ್ಯಾಪ್‌ಟಾಪಿನಲ್ಲಿ ನಡೆಯುವ ಆಟಕ್ಕೆ ಸ್ನೇಹಿತರು ಹೊರಗಿನಿಂದ ಸೇರಬೇಕು, ಪೋರ್ಟ್ ತೆರೆದುಕೊಡು ಚಿಕ್ಕಪ್ಪ ಅಂದ. ತೆರೆದೆ. ಆಗಲಿಲ್ಲ. ಸಂಜೆಯೆಲ್ಲ ಒದ್ದಾಡಿ ರೂಟರಿಗೆ ಹೊರಗಿನಿಂದ ಸಿಕ್ಕಿದ ವಿಳಾಸ ನೋಡಿದರೆ ಅದು 100.64ರಿಂದ ಶುರು. ನಮ್ಮದೇ ಸ್ವಂತದ್ದಲ್ಲ, ಒಂದು ವಿಳಾಸವನ್ನು ಹಲವು ಮನೆಗೆ ಹಂಚುವ ಕಂಪನಿಗಳಿಗೆಂದು 2012ರಲ್ಲಿ ಬೇರೆ ತೆಗೆದಿಟ್ಟ ಗುಂಪಿನದು. ಹಳೇ ಪದ್ಧತಿಯಲ್ಲಿ ಒಟ್ಟು ವಿಳಾಸ ಸುಮಾರು 430 ಕೋಟಿ ಅಷ್ಟೆ. ಏಷ್ಯಾ ಪೆಸಿಫಿಕ್ ವಲಯಕ್ಕೆ ಅವನ್ನು ಕೊಡುವ ಏಪ್ನಿಕ್ 2011ರ ಏಪ್ರಿಲ್‌ನಲ್ಲೇ ಕೊನೆಯ ದಾಸ್ತಾನಿಗೆ ಕೈಹಾಕಿತ್ತು. ಹಾಗಾಗಿ ಈಗ ಇಡೀ ಮನೆ, ಮುಖ ನೋಡದ ಎಷ್ಟೋ ಮನೆಗಳ ಜೊತೆಗೆ, ಯಾರದೋ ಯಂತ್ರದ ಹಿಂದೆ ನಿಂತಿದೆ.

ಫೋನ್ ಮಾಡಿ ವಿಚಾರಿಸಿದೆ. ಸ್ವಂತ ವಿಳಾಸ ಬೇಕಾದರೆ ತಿಂಗಳಿಗೆ ಬೇರೆ ದುಡ್ಡು ಕೊಡಬೇಕಂತೆ. ರಾತ್ರಿ ಅಣ್ಣನಿಗೆ ಹೇಳಿದೆ.

‘ಎಷ್ಟು ಕೇಳ್ತಾರೋ?’ ಅಂದ.

ಹೇಳಿದೆ.

‘ನಾನು ಇನ್ನೂರೇ ತಗೋತಿದ್ದೆ ನೋಡು’ ಅಂದ.