ನೋಡುವವನ ಪಾಲು

ಕಡೂರು ಸೀಮೆಯ ಬಯಲಿನಲ್ಲಿ ಬೆಳೆದವರಿಗೆ ಸುಂಟರಗಾಳಿ ಎಂಬ ಮಾತು ಹೊಸದಲ್ಲ. ಫಾಲ್ಗುಣ ಕಳೆದು ಚೈತ್ರ ಕಾಲಿಡುವ ಹೊತ್ತಿಗೆ, ರಾಗಿ ಕೊಯ್ದು ಬರಿದಾದ ಹೊಲಗಳಲ್ಲಿ ನಡುಹಗಲಿನ ಬಿಸಿಲಿಗೆ ಧೂಳೂ ತರಗೆಲೆಯೂ ಒಮ್ಮೆಗೇ ಕಂಬದಂತೆ ಮೇಲೆದ್ದು, ನಾಲ್ಕು ಮಾರು ಸುತ್ತಿ, ಬೇಲಿಯ ಬಳಿ ಬಿದ್ದುಹೋಗುತ್ತದೆ. ಹುಡುಗರು ಅದರ ಹಿಂದೆ ಓಡುತ್ತಾರೆ. ‘ಗಾಳಿ ಸೋಕೀತು’ ಎಂದು ಹಿರಿಯರು ಗದರುತ್ತಾರೆ. ಅದರಿಂದ ಒಣಹಾಕಿದ ಬಟ್ಟೆ ಹಾರಿಹೋದೀತೇ ಹೊರತು ಹೆಚ್ಚಿನ ಹಾನಿಯಿಲ್ಲ. ಅಮೆರಿಕದ ಬಯಲುಗಳಲ್ಲಿ ಊರಿಗೆ ಊರನ್ನೇ ಅಳಿಸಿಹಾಕುವ ಗಾಳಿಗೂ ನಮ್ಮ ಪತ್ರಿಕೆಗಳು ಇದೇ ಹೆಸರನ್ನು ಕೊಟ್ಟಿವೆ. ಎರಡಕ್ಕೂ ಸುತ್ತುವ ಗುಣವೊಂದೇ ಸಮಾನ. ನಮ್ಮದು ಕಾದ ನೆಲದಿಂದ, ಮೋಡವಿಲ್ಲದ ಆಕಾಶದ ಕೆಳಗೆ ಏಳುತ್ತದೆ. ಅದು ತಾನೇ ತಿರುಗುವ ಮಹಾಮೇಘದ ಹೊಟ್ಟೆಯಿಂದ ನೆಲಕ್ಕೆ ಇಳಿಯುತ್ತದೆ.

ಜೈಮಿನಿ ಭಾರತವನ್ನು ರಚಿಸಿದ ಲಕ್ಷ್ಮೀಶನ ಊರೆಂದು ನಾಡಿಗೆಲ್ಲ ಪರಿಚಿತವಾದ ದೇವನೂರಿನ ಒಂದು ಮನೆಯಲ್ಲಿ ಈ ಎರಡನೆಯ ಬಗೆಯ ಗಾಳಿಯ ಹುಚ್ಚು ಹಿಡಿದ ತರುಣನೊಬ್ಬನಿದ್ದಾನೆ. ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗ. ಹಬ್ಬಹುಣ್ಣಿಮೆಗೆ ಊರಿಗೆ ಬಂದಾಗಲೂ ಅವನ ಕಣ್ಣು ಮೋಡದ ಮೇಲೆಯೇ. ಚಿಕ್ಕಂದಿನಲ್ಲಿ ಧೂಳಿನ ಕಂಬದ ಹಿಂದೆ ಓಡಿದ ಹುಡುಗ, ದೊಡ್ಡವನಾದ ಮೇಲೆ ಸಾವಿರಾರು ಮೈಲಿ ದೂರದ ಬಿರುಗಾಳಿಗಳ ಹಿಂದೆ ಮನಸ್ಸಿನಿಂದ ಓಡತೊಡಗಿದ. ಅವನಂಥ ಹವ್ಯಾಸಿಗಳು ಜಗತ್ತಿನಲ್ಲಿ ಲಕ್ಷಾಂತರ ಜನ. ಮೆಕ್ಸಿಕೊ ಕೊಲ್ಲಿಯ ತೇವದ ಗಾಳಿ ಉತ್ತರಕ್ಕೆ ನುಗ್ಗಿ, ಪಶ್ಚಿಮದ ಒಣಗಾಳಿಗೂ ಎತ್ತರದ ವೇಗದ ಗಾಳಿಗೂ ಸಿಕ್ಕುವ ದಿನ ಯಾವುದೆಂದು ಅವರು ನಾಲ್ಕೈದು ದಿನ ಮುಂಚೆಯೇ ಲೆಕ್ಕಹಾಕುತ್ತಾರೆ. ನೆಲದಿಂದ ಮೇಲೇರಿದಂತೆ ಗಾಳಿಯ ದಿಕ್ಕೂ ವೇಗವೂ ಬದಲಾಗುತ್ತಿದ್ದರೆ, ಏರುವ ಮೋಡವು ಬುಗುರಿಯಂತೆ ತಿರುಗತೊಡಗುತ್ತದೆ. ಅಂಥ ಮೋಡಗಳು ಒಂದೇ ದಿನ ಹತ್ತಾರು ಎದ್ದರೆ ಸುಂಟರಗಾಳಿಗಳೂ ಸಾಲುಗಟ್ಟಿ ಇಳಿಯುತ್ತವೆ.

2023ರ ಯುಗಾದಿ ಮಾರ್ಚ್ 22ರಂದು ಬಂದಿತ್ತು. ರಜೆಯನ್ನು ಶನಿವಾರದವರೆಗೂ ಚಾಚಿಕೊಂಡು ತರುಣನು ಊರಿನಲ್ಲಿದ್ದ. ಆ ಶನಿವಾರ, 25ರ ಬೆಳಗಿನ ಆರೂವರೆಗೆ, ಅಲ್ಲಿ ಶುಕ್ರವಾರ ರಾತ್ರಿ ಎಂಟು ಗಂಟೆ. ಮಿಸಿಸಿಪಿ ರಾಜ್ಯದ ಹೊಲಗಳ ನಡುವಿನ ರೋಲಿಂಗ್ ಫೋರ್ಕ್ ಎಂಬ, ಎರಡು ಸಾವಿರ ಜನವೂ ಇಲ್ಲದ ಊರಿನತ್ತ ತಿರುಗುವ ಮೋಡವೊಂದು ಸಾಗಿತ್ತು. ಕತ್ತಲಲ್ಲಿ ಕಣ್ಣಿಗೆ ಏನೂ ಕಾಣದು. ಇದ್ದದ್ದು ರೇಡಾರಿನ ಚಿತ್ರ ಮಾತ್ರ. ಈಗಿನ ರೇಡಾರು ಮೋಡದಲ್ಲಿರುವ ವಸ್ತುಗಳ ಆಕಾರ ಒಂದನ್ನೊಂದು ಹೋಲುತ್ತದೆಯೇ ಎಂಬುದನ್ನೂ ಅಳೆಯುತ್ತದೆ. ಮಳೆಹನಿಗಳೆಲ್ಲ ಬಹುಮಟ್ಟಿಗೆ ಒಂದೇ ಬಗೆಯವು. ಅವು ಪರದೆಯ ಮೇಲೆ ಒಂದೇ ಬಣ್ಣವಾಗಿ ಹರಡಿಕೊಳ್ಳುತ್ತವೆ. ಆ ಬಣ್ಣದ ನಡುವೆ ಥಟ್ಟನೆ ಒಂದು ನೀಲಿ ಚುಕ್ಕೆ ಮೂಡಿದರೆ, ಅಲ್ಲಿ ಹಾರುತ್ತಿರುವುದು ಹನಿಯಲ್ಲ, ಬೇರೆ ಬೇರೆ ಆಕಾರದ ಚೂರುಗಳು ಎಂದರ್ಥ. ಹವ್ಯಾಸಿಗಳು ಉಸಿರು ಬಿಗಿಹಿಡಿದು ಕಾಯುವುದು ಈ ಚುಕ್ಕೆಗಾಗಿಯೇ. ಸುಂಟರಗಾಳಿ ನೆಲ ಮುಟ್ಟಿತೆಂಬುದಕ್ಕೆ ಅದು ಸಾಕ್ಷಿ.

ಚುಕ್ಕೆ ಮೂಡಿತು. ತರುಣನು ಚಾಪೆಯಿಂದೆದ್ದು “ಬಂತು! ಬಂತು!” ಎಂದು ಕೂಗಿದ.

ಅಂಗಳ ಗುಡಿಸುತ್ತಿದ್ದ ಅಜ್ಜಿ ಪೊರಕೆ ಹಿಡಿದೇ ಆಕಾಶ ನೋಡಿದರು. ಕಡೂರಿನ ಕಡೆ ಚೈತ್ರದಲ್ಲಿ ‘ಬಂತು’ ಎಂದರೆ ಮಳೆಯೇ; ಬೇರೇನೂ ಅಲ್ಲ.

“ಎಲ್ಲೋ ಬಂತು? ಒಂದು ಮೋಡ ಕಾಣಲ್ಲ.”

“ಮಳೆ ಅಲ್ಲ ಅಜ್ಜಿ. ಅಮೆರಿಕದಲ್ಲಿ ಸುಂಟರಗಾಳಿ. ಬನ್ನಿ, ಈ ನೀಲಿ ಚುಕ್ಕೆ ನೋಡಿ.”

“ಏನದು ಚುಕ್ಕೆ?”

“ಗಾಳಿ ಎತ್ತಿಕೊಂಡು ಹೋಗ್ತಿರೋ ಚೂರು.”

“ಯಾವುದರ ಚೂರು?”

ತರುಣನ ಬಾಯಿಗೆ ಉತ್ತರ ಬರುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. “ಮನೆಗಳದು” ಎಂದ.

“ಒಳಗೆ ಜನ ಇದ್ದರೇನೋ?” ಎಂದರು ಅಜ್ಜಿ. ಉತ್ತರಕ್ಕೆ ಕಾಯದೆ ಹೋಗಿ ಉಳಿದ ಅಂಗಳ ಗುಡಿಸಿದರು.

ಜನರಿದ್ದರು. ಆ ಒಂದು ಸುಂಟರಗಾಳಿ ಸುಮಾರು 95 ಕಿಲೋಮೀಟರು ದೂರ ನೆಲಕ್ಕಂಟಿಕೊಂಡೇ ನಡೆಯಿತು. ಹದಿನೇಳು ಜನ ತೀರಿಕೊಂಡರು. ಮೂರು ಗಂಟೆ ಕಳೆದ ಬಳಿಕ ಅದೇ ರಾಜ್ಯದ ಏಮರಿ ಎಂಬ ಊರಿನ ಮೇಲೆ ಇನ್ನೊಂದು ಬಂತು. ಟ್ಯೂಪೆಲೊ ಪಟ್ಟಣದ ದೂರದರ್ಶನ ಕೇಂದ್ರದ ಹವಾಮಾನಜ್ಞ ಮ್ಯಾಟ್ ಲಾಬನ್ ಆಗ ನೇರಪ್ರಸಾರದಲ್ಲಿದ್ದರು. ಏಮರಿಯ ಜನ ಕೂಡಲೇ ಆಶ್ರಯಕ್ಕೆ ಹೋಗಬೇಕೆಂದು ಎಚ್ಚರಿಸುತ್ತಿದ್ದವರು, ರೇಡಾರಿನ ಹೊಸ ಚಿತ್ರ ಬಂದಾಗ ಒಂದು ಕ್ಷಣ ಮಾತು ನಿಲ್ಲಿಸಿದರು. ತಮ್ಮ ದೇವರ ಹೆಸರು ಹೇಳಿ, ಅವರಿಗೆ ನೆರವಾಗು ಎಂದು ಪ್ರಾರ್ಥಿಸಿದರು. ಪುನಃ ಕೆಲಸಕ್ಕೆ ತೊಡಗಿದರು. ಆ ದೃಶ್ಯವನ್ನು ಆಮೇಲೆ ಜಗತ್ತೆಲ್ಲ ನೋಡಿತು. ದೇವನೂರಿನ ತರುಣ ಆಗಲೂ ಪರದೆಯ ಮುಂದೆಯೇ ಕುಳಿತಿದ್ದ. ಅದೇ ಚಿತ್ರ, ಅದೇ ಚುಕ್ಕೆ. ಅದನ್ನು ಕಂಡು ಒಬ್ಬರು ಪ್ರಾರ್ಥಿಸಿದ್ದರು. ತಾನು ಕೇಕೆ ಹಾಕಿದ್ದ.

ಇಲ್ಲಿ ಒಂದು ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸುಂಟರಗಾಳಿಯ ಬಲವನ್ನು ಅಳೆಯುವ ಮಾನವನ್ನು 1971ರಲ್ಲಿ ರೂಪಿಸಿದವರು ಜಪಾನಿನಲ್ಲಿ ಹುಟ್ಟಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ನೆಲೆಸಿದ ವಿಜ್ಞಾನಿ ಟೆಟ್ಸುಯಾ ಫುಜಿಟಾ. 1945ರಲ್ಲಿ ಅಣುಬಾಂಬು ಬಿದ್ದ ಹಿರೋಶಿಮಾ, ನಾಗಸಾಕಿಗಳಲ್ಲಿ ಮರಗಳು ಉರುಳಿದ ದಿಕ್ಕು, ಸುಟ್ಟ ಗುರುತು ಇವುಗಳನ್ನು ನೋಡಿ ಸ್ಫೋಟದ ಸ್ವರೂಪವನ್ನು ಊಹಿಸಿದವರು ಅವರು. ಹಾಳಾದುದನ್ನು ನೋಡಿ ಹಾಳುಮಾಡಿದ ಶಕ್ತಿಯನ್ನು ತಿಳಿಯುವ ಆ ವಿದ್ಯೆಯನ್ನೇ ಮುಂದೆ ಸುಂಟರಗಾಳಿಗೂ ಅನ್ವಯಿಸಿದರು. 2007ರಲ್ಲಿ ತಿದ್ದುಪಡಿಯಾದ ಈ ಮಾನದಲ್ಲಿ ಸೊನ್ನೆಯಿಂದ ಐದರವರೆಗೆ ದರ್ಜೆಗಳಿವೆ. ಕೊನೆಯ ದರ್ಜೆ ‘ಇಎಫ್-5’. ಗಟ್ಟಿಯಾಗಿ ಕಟ್ಟಿದ ಮನೆಯೂ ತಳಪಾಯ ಮಾತ್ರ ಉಳಿಯುವಂತೆ ಗುಡಿಸಿಹೋಗಿದ್ದರೆ ಈ ಅಂಕ. ಗಾಳಿಯ ವೇಗವನ್ನು ನೇರವಾಗಿ ಅಳೆದು ಕೊಡುವ ದರ್ಜೆ ಇದಲ್ಲ. ಉರುಳಿದ ಗೋಡೆಯನ್ನು ನೋಡಿ ಕೊಡುವ ದರ್ಜೆ.

2013ರ ಮೇ 20ರಂದು ಓಕ್ಲಹೋಮಾದ ಮೂರ್ ನಗರದ ಮೇಲೆ ಬಂದದ್ದಕ್ಕೆ ಆ ಅಂಕ ದೊರೆಯಿತು. ಅಂದು ಸತ್ತ ಇಪ್ಪತ್ತನಾಲ್ವರಲ್ಲಿ ಏಳು ಮಕ್ಕಳು ಒಂದೇ ಶಾಲೆಯವರು. ಅಲ್ಲಿಂದ ಮುಂದೆ 2025ರ ಜೂನ್ 20ರಂದು ಉತ್ತರ ಡಕೋಟಾದ ಎಂಡರ್ಲಿನ್ ಬಳಿ ಬಂದದ್ದರವರೆಗೆ, ಹನ್ನೆರಡು ವರ್ಷ, ಯಾವುದಕ್ಕೂ ಐದನೆಯ ಅಂಕ ಸಿಗಲಿಲ್ಲ. ಈ ಹನ್ನೆರಡು ವರ್ಷಗಳಿಗೆ ಹವ್ಯಾಸಿಗಳು ಇಟ್ಟ ಹೆಸರು ‘ಬರ’. ‘ಐದರ ಬರ ಎಂದು ಮುಗಿದೀತು’ ಎಂದು ತಮ್ಮತಮ್ಮಲ್ಲಿ ಕೇಳಿಕೊಳ್ಳುತ್ತಿದ್ದರು. ರೋಲಿಂಗ್ ಫೋರ್ಕಿನ ಗಾಳಿಗೆ ಪರಿಣತರು ಕೊನೆಗೆ ನಿಗದಿಮಾಡಿದ ವೇಗ ಗಂಟೆಗೆ ಸುಮಾರು 314 ಕಿಲೋಮೀಟರು; ಐದನೆಯ ದರ್ಜೆ ತೊಡಗುವುದು 322ರಿಂದ. ಕೂದಲೆಳೆಯಲ್ಲಿ ತಪ್ಪಿತಲ್ಲ ಎಂದು ನಿಟ್ಟುಸಿರಿಟ್ಟವರಿದ್ದರು. ತರುಣನೂ ಅವರಲ್ಲೊಬ್ಬ.

ಕಡೂರು ತಾಲ್ಲೂಕಿನವನು ‘ಬರ’ ಎಂಬ ಮಾತನ್ನು ಹೀಗೆ ಬಳಸಬಹುದೇ? ಕೆರೆಯ ತಳ ಬಿರುಕುಬಿಟ್ಟು, ತೆಂಗಿನ ಸುಳಿ ಒಣಗಿ, ದನಗಳನ್ನು ಗೋಶಾಲೆಗೆ ಹೊಡೆದುಕೊಂಡು ಹೋದ ವರ್ಷಗಳನ್ನು ಅವನ ಮನೆಯವರೇ ಕಂಡವರು. ಅದಿರಲಿ. ಆ ಹಾರೈಕೆಯ ಒಳಗಿನ ತರ್ಕ ಇನ್ನೂ ಕಠೋರವಾದದ್ದು. 2013ರ ಮೇ 31ರಂದು ಓಕ್ಲಹೋಮಾದ ಎಲ್ ರೀನೊ ಬಳಿ ನಾಲ್ಕು ಕಿಲೋಮೀಟರಿಗೂ ಮಿಕ್ಕಿದ ಅಗಲದ ಸುಂಟರಗಾಳಿ ಹಾದುಹೋಯಿತು. ಸಂಚಾರಿ ರೇಡಾರುಗಳು ಅದರಲ್ಲಿ ಗಂಟೆಗೆ 450 ಕಿಲೋಮೀಟರಿಗೂ ಹೆಚ್ಚಿನ ವೇಗವನ್ನು ದಾಖಲಿಸಿದವು. ಆದರೂ ಅದಕ್ಕೆ ಕೊಟ್ಟ ಅಂಕ ಮೂರು. ಕಾರಣ, ಅದು ನಡೆದದ್ದು ಬಹುಪಾಲು ಹೊಲಗಳ ಮೇಲೆ. ಮುರಿಯಲು ಅಲ್ಲಿ ಹೆಚ್ಚು ಮನೆಗಳಿರಲಿಲ್ಲ. ಎಂದಮೇಲೆ ‘ಐದು ಬರಲಿ’ ಎಂದು ಬಯಸುವವನು ದೊಡ್ಡ ಗಾಳಿಯನ್ನಷ್ಟೇ ಬಯಸುತ್ತಿಲ್ಲ. ಅದರ ದಾರಿಯಲ್ಲಿ ಗಟ್ಟಿಯಾದ ಮನೆಯೊಂದಿರಲಿ ಎಂದು ಬಯಸುತ್ತಿದ್ದಾನೆ. ಅವನಿಗೆ ಅದರ ಅರಿವಿಲ್ಲದಿರಬಹುದು. ಹಾಳಾದದ್ದಿಲ್ಲದೆ ಅಂಕವಿಲ್ಲ.

ನೋಡುವುದೇ ತಪ್ಪೆಂದು ಇದರಿಂದ ತಿಳಿಯಬಾರದು. ಅದೇ ಎಲ್ ರೀನೊದಲ್ಲಿ ಪ್ರಾಣ ಬಿಟ್ಟ ಟಿಮ್ ಸಮಾರಸ್, ಅವರ ಮಗ ಪಾಲ್ ಹಾಗೂ ಸಂಗಡಿಗ ಕಾರ್ಲ್ ಯಂಗ್ ಗಾಳಿಯ ಬೆನ್ನುಹತ್ತಿದ್ದು ಮೋಜಿಗಲ್ಲ. ಸುಂಟರಗಾಳಿಯ ದಾರಿಯಲ್ಲಿ ಅಳತೆಯ ಉಪಕರಣವಿಟ್ಟು, ಅದರ ಒಡಲಿನ ವಾಯುಭಾರ ಹೇಗೆ ಕುಸಿಯುತ್ತದೆಂದು 2003ರಲ್ಲಿ ದಾಖಲಿಸಿದವರು ಸಮಾರಸ್. ಕಣ್ಣಾರೆ ಕಂಡು ಸುದ್ದಿ ಮುಟ್ಟಿಸುವ ಸಾವಿರಾರು ಸ್ವಯಂಸೇವಕರಿಗೆ ಅಲ್ಲಿನ ಹವಾಮಾನ ಇಲಾಖೆ ತರಬೇತಿ ಕೊಡುತ್ತದೆ. ಅವರ ಒಂದು ಮಾತಿನಿಂದ ಜನ ನೆಲಮಾಳಿಗೆಗೆ ಇಳಿದು ಬದುಕಿದ್ದುಂಟು. ನಮ್ಮ ನೆರೆಯ ಬಾಂಗ್ಲಾದೇಶದ ಮಾಣಿಕ್‌ಗಂಜ್ ಸೀಮೆಯಲ್ಲಿ 1989ರ ಏಪ್ರಿಲ್ 26ರಂದು ಒಂದೇ ಸುಂಟರಗಾಳಿಗೆ ಸುಮಾರು 1300 ಜನ ಬಲಿಯಾದರು. ಅಲ್ಲಿ ಕೊರತೆಯಾದದ್ದು ನೋಡಿ ಕೂಗಿ ಹೇಳುವವರದೇ.

ಹಾಗಾದರೆ ನೋಡುವವನ ಪಾಲಿಗೆ ಬರುವುದೇನು? ತಾನು ಮಾಡುವುದು, ಪರರಿಂದ ಮಾಡಿಸುವುದು, ಆದುದಕ್ಕೆ ಒಪ್ಪಿ ಮನಸ್ಸು ಕೊಡುವುದು ಎಂದು ಕೃತ, ಕಾರಿತ, ಅನುಮೋದಿತಗಳೆಂಬ ಮೂರು ದ್ವಾರಗಳನ್ನು ನಮ್ಮ ಶಾಸ್ತ್ರಕಾರರು ಹೇಳಿರುವುದು ಶ್ರಾವಕರಿಗೆಲ್ಲ ತಿಳಿದ ವಿಷಯ. ಬಿರುಗಾಳಿಯ ಮಟ್ಟಿಗೆ ಮೊದಲೆರಡು ಬಾಗಿಲು ತಾವಾಗಿಯೇ ಮುಚ್ಚಿವೆ. ಯಾರ ಅಪ್ಪಣೆಗೂ ಗಾಳಿ ಏಳುವುದಿಲ್ಲ, ನಿಲ್ಲುವುದೂ ಇಲ್ಲ. ಮೂರನೆಯದು ಮಾತ್ರ ತೆರೆದಿದೆ. ತತ್ತ್ವಾರ್ಥಸೂತ್ರವು ರೌದ್ರಧ್ಯಾನವನ್ನು ವಿವರಿಸುವಲ್ಲಿ ಹಿಂಸೆಯಲ್ಲಿ ನಲಿಯುವುದನ್ನೇ ಅದರ ಮೊದಲ ಬಗೆಯಾಗಿ ಎಣಿಸಿದೆ. ಪ್ರಯೋಜನವಿಲ್ಲದೆ ಕಟ್ಟಿಕೊಳ್ಳುವ ಪಾಪಗಳ ಸಾಲಿನಲ್ಲಿ ಸಮಂತಭದ್ರರು ಅಪಧ್ಯಾನವನ್ನು ಸೇರಿಸಿದ್ದಾರೆ. ಕೈಯಿಂದ ಏನೂ ನಡೆಯದಿದ್ದರೂ ಮನಸ್ಸು ಒಂದು ಪಕ್ಷ ಹಿಡಿಯುತ್ತದೆ ಎಂಬುದನ್ನು ಅವರು ಬಲ್ಲವರಾಗಿದ್ದರು. ಪರದೆಯ ಮುಂದೆ ಕುಳಿತು ಪರರ ಪ್ರವಾಹ, ಭೂಕಂಪ, ಯುದ್ಧಗಳನ್ನು ಚಹಾ ಕುಡಿಯುತ್ತ ನೋಡುವುದು ಇಂದು ಎಲ್ಲ ಮನೆಗಳ ರೂಢಿಯಾಗಿರುವಾಗ, ಈ ಮಾತು ಒಬ್ಬ ಹವ್ಯಾಸಿಗೆ ಮಾತ್ರ ಅನ್ವಯಿಸುವಂಥದಲ್ಲ.

ತರುಣನಿಗೆ ಇದೆಲ್ಲ ಹೊಳೆದದ್ದು ಆ ಶನಿವಾರವಲ್ಲ. ಅಜ್ಜಿಯ ಪ್ರಶ್ನೆ ಚುಚ್ಚಿತಾದರೂ ಎರಡು ದಿನಗಳಲ್ಲಿ ಮರೆತುಹೋಯಿತು. ಹೊಳೆದದ್ದು ಅದೇ ಮೇ ತಿಂಗಳಿನಲ್ಲಿ, ಊರಿನಲ್ಲಿಯೇ.

ಮುಂಗಾರಿಗೆ ಮುನ್ನಿನ ಒಂದು ಮಧ್ಯಾಹ್ನ ಸಖರಾಯಪಟ್ಟಣದ ಕಡೆಯ ಗುಡ್ಡಗಳ ಮೇಲೆ ಮೋಡ ಕೋಟೆಯಂತೆ ಎದ್ದಿತು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಸಿದ್ಧಪಡಿಸಿದ ‘ದಾಮಿನಿ’ ಎಂಬ ಸಾಧನವು ಸಿಡಿಲು ಎಲ್ಲೆಲ್ಲಿ ಬೀಳುತ್ತಿದೆ ಎಂಬುದನ್ನು ಮೊಬೈಲಿನಲ್ಲಿ ತೋರಿಸುತ್ತದೆ. ತರುಣನು ಅದನ್ನು ನೋಡುತ್ತಲೇ ಇದ್ದ. ಮೋಡದ ಮುಂಭಾಗ ಕಮಾನಿನಂತೆ ಬಾಗಿ ಬರುತ್ತಿತ್ತು. ದೇವನೂರಿನಲ್ಲಿ ಅಂಥದ್ದು ಅಪರೂಪ. ಕೆರೆಯ ಏರಿ ಹತ್ತಿ ಚಿತ್ರ ತೆಗೆಯತೊಡಗಿದ. ಏರಿಯ ಕೆಳಗೆ, ಅವರ ಜಮೀನನ್ನು ಕೋರಿಗೆ ಮಾಡುತ್ತಿದ್ದ ರೈತನೊಬ್ಬ ಎತ್ತು ಹೂಡಿ ಉಳುತ್ತಿದ್ದ. ತರುಣನು ಕಾಣದವನೇನಲ್ಲ. ಉಳುವವನೂ ಎತ್ತುಗಳೂ ಚಿತ್ರದ ಮೂಲೆಯಲ್ಲಿ ಚೆನ್ನಾಗಿ ಬಂದಿದ್ದವು. ಮೊದಲ ಹನಿ ಬಿದ್ದಾಗ ರೈತನು ನೊಗ ಕಳಚಿ, ಎತ್ತುಗಳನ್ನು ಹೊಲದ ನಡುವಿನ ಒಂಟಿ ಹುಣಿಸೆಮರಕ್ಕೆ ಕಟ್ಟಿ, ತಾನು ಪಂಪಿನ ಮನೆಗೆ ಓಡಿದ. ಹತ್ತು ನಿಮಿಷಕ್ಕೆ ಮರಕ್ಕೆ ಸಿಡಿಲು ಹೊಡೆಯಿತು. ಮರದ ಬುಡಕ್ಕಿಳಿದ ವಿದ್ಯುತ್ತು ನೆಲದಲ್ಲಿ ಹರಡುವಾಗ, ಮುಂಗಾಲು ಹಿಂಗಾಲುಗಳ ನಡುವೆ ದೂರ ಹೆಚ್ಚಿರುವ ದನಗಳ ದೇಹದ ಮೂಲಕ ಹಾದುಹೋಗುತ್ತದೆ. ಮನುಷ್ಯ ಬದುಕುಳಿಯುವ ಕಡೆ ದನ ಸಾಯುವುದುಂಟು. ಎರಡು ಎತ್ತುಗಳೂ ನೊಗ ಕಳಚಿದ ಜಾಗದಿಂದ ಇಪ್ಪತ್ತು ಮಾರು ದೂರದಲ್ಲಿ ಸತ್ತುಬಿದ್ದವು.

ಸಂಜೆ, ಹೊತ್ತು ಮುಳುಗುವ ಮುನ್ನ ಊಟಕ್ಕೆ ಕುಳಿತಾಗ ಅಜ್ಜಿ ಕೇಳಿದರು: “ಸಿಡಿಲು ಬರೋದು ನಿನಗೆ ಮೊದಲೇ ಗೊತ್ತಿತ್ತೇನೋ?”

“ಅರ್ಧ ಗಂಟೆ ಮುಂಚೆ” ಎಂದ. ಎಲೆಯ ಮುಂದಿನಿಂದ ಎದ್ದ. ಅಜ್ಜಿ ತಡೆಯಲಿಲ್ಲ.

ಸರ್ಕಾರದ ಪರಿಹಾರಕ್ಕಾಗಿ ಪಶುವೈದ್ಯರ ವರದಿ, ಕಂದಾಯ ಇಲಾಖೆಯ ಕಾಗದ ಎಂದು ರೈತನೊಂದಿಗೆ ಅವನೇ ಓಡಾಡಿದ. ಸಾಲದುದಕ್ಕೆ ತನ್ನ ಉಳಿತಾಯ ಸೇರಿಸಿ ಹೊಸ ಜೋಡಿ ಎತ್ತು ಕೊಡಿಸಿದ. ಊರವರು ಹೊಗಳಿದರು. ಹೊಗಳಿಕೆ ಕೇಳಿ ಸುಮ್ಮನಿರುವುದು ಅವನಿಗೆ ಎತ್ತಿನ ಬೆಲೆಗಿಂತ ದುಬಾರಿಯಾಯಿತು. ಒಂದು ತಿಂಗಳ ಬಳಿಕ ರೈತನ ಮನೆಗೆ ಹೋಗಿ ಆ ಚಿತ್ರ ತೋರಿಸಿ, ಇದ್ದದ್ದನ್ನು ಇದ್ದಂತೆ ಹೇಳಿದ. ರೈತನು ಚಿತ್ರವನ್ನು ಬಹಳ ಹೊತ್ತು ನೋಡಿ, “ಎಡಗಡೇದು ಒಳ್ಳೇ ಎತ್ತು” ಎಂದಷ್ಟೇ ಹೇಳಿ ಮೊಬೈಲು ಹಿಂದಿರುಗಿಸಿದ.

ತರುಣನು ಮೋಡ ನೋಡುವುದನ್ನು ಬಿಟ್ಟಿಲ್ಲ. ಅಮೆರಿಕದ ಬಿರುಗಾಳಿಯ ರಾತ್ರಿಗಳಲ್ಲಿ ಈಗಲೂ ಎಚ್ಚರವಿರುತ್ತಾನೆ, ಕೂಗುವುದಿಲ್ಲ. ಎಂಡರ್ಲಿನ್‌ಗೆ ಐದನೆಯ ಅಂಕ ಸಿಕ್ಕಿ ‘ಬರ’ ಮುಗಿಯಿತೆಂದು ಗೆಳೆಯರು ಸಂಭ್ರಮಿಸಿದಾಗ, ಅಲ್ಲಿ ಸತ್ತವರು ಮೂವರು ಎಂದು ಬರೆದು ಕಳುಹಿಸಿದ; ಕೆಲವರಿಗೆ ಅದು ಹಿಡಿಸಲಿಲ್ಲ. ದೇವನೂರಿನ ಮನೆಯ ಬಾಗಿಲ ಹಿಂದೆ ಹನ್ನೆರಡು ದೂರವಾಣಿ ಸಂಖ್ಯೆಗಳ ಪಟ್ಟಿ ಅಂಟಿಸಿದೆ. ಕುರಿಗಾಹಿಗಳು, ತೆಂಗಿನ ಕಾಯಿ ಇಳಿಸುವವರು, ಹೊಲದ ಕೆಲಸದ ಹೆಂಗಸರನ್ನು ಕರೆದೊಯ್ಯುವ ಮೇಸ್ತ್ರಿ. ಬೆಂಗಳೂರಿನಲ್ಲಿದ್ದರೂ ಗುಡ್ಡದ ಮೇಲೆ ಸಿಡಿಲಿನ ಗುರುತು ಕಂಡರೆ ಪಟ್ಟಿಯ ಮೊದಲಿನಿಂದ ಕೊನೆಯವರೆಗೆ ಕರೆಮಾಡುತ್ತಾನೆ. ಸಂಖ್ಯೆಗಳಲ್ಲಿ ಮೊದಲನೆಯದು ಆ ರೈತನದು.

ಕಳೆದ ಬೇಸಗೆಯಲ್ಲಿ ಮೂರು ಬಾರಿ ಹೀಗೆ ಕರೆ ಹೋಯಿತು. ಮೂರು ಬಾರಿಯೂ ಮೋಡ ಜಾವಗಲ್ಲಿನ ಕಡೆ ತಿರುಗಿಕೊಂಡು ಊರಿಗೆ ಒಂದು ಹನಿಯೂ ಬೀಳಲಿಲ್ಲ. ನಾಲ್ಕನೆಯ ಬಾರಿ ರೈತನು, “ನಿನ್ನ ಸಿಡಿಲಿಗೆ ನಮ್ಮೂರ ದಾರಿನೇ ಗೊತ್ತಿಲ್ಲ ಕಣಪ್ಪ” ಎಂದು ನಕ್ಕ. ನಗುತ್ತಲೇ ಎತ್ತುಗಳನ್ನು ಬಿಚ್ಚಿಕೊಂಡು ಕೊಟ್ಟಿಗೆಯ ಕಡೆಗೆ ಹೊರಟಿದ್ದು, ಅವುಗಳ ಕೊರಳ ಗೆಜ್ಜೆಯ ಸದ್ದಿನಿಂದ ದೂರವಾಣಿಯಲ್ಲಿಯೇ ತಿಳಿಯುತ್ತಿತ್ತು.